ಒಂದೇ ಕೋಣೆ, ಒಂದೇ ಗಾಳಿ: ಟಿಬಿ ಬಗ್ಗೆ ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಒಂದು ಮನೆಯಲ್ಲಿ ಟಿಬಿ ಅಂತ ಗೊತ್ತಾದರೆ ಮೊದಲು ಬೇರೆಯಾಗುವುದು ತಟ್ಟೆ. ಆಮೇಲೆ ಲೋಟ, ಆಮೇಲೆ ಹಾಸಿಗೆ. ಕಿಟಕಿ ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತದೆ. ಈ ಪುಟ ಬರೆಯಲು ಅದೇ ಕಾರಣ.

ಇಲ್ಲಿನ ಪ್ರಶ್ನೆಗಳು ಆಸ್ಪತ್ರೆ ಬೆಂಚಿನ ಮೇಲೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದವು ಮೊದಲು, ತಲೆ ಕೆಡಿಸುವಂಥವು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ನಿಮಗೆ ಬೇಕಾದ್ದನ್ನು ಹುಡುಕಿಕೊಳ್ಳಿ. ಯಾವ ಮಾತ್ರೆ, ಎಷ್ಟು ದಿನ ಅನ್ನೋದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

## ಶುರುವಿನ ಪ್ರಶ್ನೆಗಳು

ಟಿಬಿ ಹೆಂಗ್ ಹರಡುತ್ತೆ? ಸುತ್ತಿ ಬಳಸದೆ ಹೇಳ್ರಿ.

ಗಾಳಿಯಿಂದ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ, ಭಜನೆ ಹಾಡಿದಾಗ ಬಾಯಿಂದ ಹನಿಗಳು ಹೊರಬರುತ್ತವೆ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಅದರಿಂದ ಅಷ್ಟೇನೂ ತೊಂದರೆ ಇಲ್ಲ. ತೀರಾ ಸಣ್ಣ ಹನಿಗಳು ಗಾಳಿಯಲ್ಲೇ ಒಣಗಿ ಕಣಗಳಾಗುತ್ತವೆ. ಅವುಗಳ ಗಾತ್ರ 1ರಿಂದ 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಐದು ಪಾಲು. ಇಷ್ಟು ಹಗುರವಾದದ್ದು ಗಂಟೆಗಟ್ಟಲೆ ತೇಲುತ್ತದೆ, ಮತ್ತೆ ಉಸಿರಿನ ಜೊತೆ ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿದರೆ ಹೊಗೆ ಹೇಗೆ ತುಂಬಿ ನಿಲ್ಲುತ್ತದೋ ಇದೂ ಹಾಗೆಯೇ ನಿಲ್ಲುತ್ತದೆ. ಅಂಗಳದಲ್ಲಿ ಹಚ್ಚಿದರೆ ಚದುರಿ ಹೋಗುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ.

ತಟ್ಟೆ, ಲೋಟ, ಟವೆಲ್ ಎಲ್ಲಾ ಬೇರೆ ಮಾಡೀವಿ. ಸಾಕಲ್ವಾ?

ಅದು ಬೇಕಾಗಿಯೇ ಇಲ್ಲ. ಟಿಬಿ ತಟ್ಟೆಯಿಂದ, ಬಟ್ಟೆಯಿಂದ, ಕೈ ಕುಲುಕುವುದರಿಂದ, ಒಂದೇ ಬಚ್ಚಲು ಬಳಸುವುದರಿಂದ ಬರುವುದಿಲ್ಲ. ಸೋಪು ಹಚ್ಚಿ ತೊಳೆದ ತಟ್ಟೆ ಯಾರದ್ದಾದರೇನು?

ಇದನ್ನು ಗಟ್ಟಿಯಾಗಿ ತೋರಿಸಿದ್ದು 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶುರುವಾದ ಒಂದು ಪ್ರಯೋಗ. ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು, ಗಿನಿಪಿಗ್‌ಗಳನ್ನು ಇಟ್ಟಿದ್ದ ಬೇರೆ ಕೋಣೆಗೆ ಬಿಟ್ಟರು. ಗಿನಿಪಿಗ್‌ಗಳಿಗೆ ಟಿಬಿ ಬಂತು. ಅದೇ ಗಾಳಿಗೆ ರೋಗಾಣು ಕೊಲ್ಲುವ ಅತಿನೇರಳೆ ಬೆಳಕು ಹಾಯಿಸಿ ಬಿಟ್ಟ ಕಡೆ ಬರಲಿಲ್ಲ. ಆ ಪ್ರಾಣಿಗಳು ಯಾವ ರೋಗಿಯ ತಟ್ಟೆಯಲ್ಲೂ ಉಂಡಿರಲಿಲ್ಲ, ರೋಗಿಯ ಮುಖವನ್ನೂ ನೋಡಿರಲಿಲ್ಲ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಸೊಸೆಗೆ ಟಿಬಿ ಬಂದರೆ ತಟ್ಟೆ ಬೇರೆ ಮಾಡಿ, ಮೂಲೆಯ ಕತ್ತಲೆ ಕೋಣೆಗೆ ಹಾಕಿ, ಆ ಕೋಣೆಗೆ ಕೂಸನ್ನೂ ಕಳಿಸುತ್ತಾರೆ. ಅವಮಾನವೂ ಆಯಿತು, ಸೋಂಕೂ ತಪ್ಪಲಿಲ್ಲ.

ನಿನ್ನೆ ಚಾದಂಗಡಿಯಲ್ಲಿ ಪಕ್ಕದವರು ಕೆಮ್ಮಿದ್ರು. ನನಗೂ ಬಂದಿರುತ್ತಾ?

ಬಹಳ ಮಟ್ಟಿಗೆ ಇಲ್ಲ. ಕೆಮ್ಮುವವರೆಲ್ಲ ಟಿಬಿಯವರಲ್ಲ. ಟಿಬಿಯವರೇ ಆಗಿದ್ದರೂ, ಮುಂದೆ ಪೂರ್ತಿ ತೆರೆದ ಅಂಗಡಿಯಲ್ಲಿ ಹತ್ತು ನಿಮಿಷ ನಿಂತದ್ದರಿಂದ ಅಪಾಯ ತುಂಬಾ ಕಡಿಮೆ. ಟಿಬಿಗೆ ಸಾಮಾನ್ಯವಾಗಿ ಹೊತ್ತು ಬೇಕು. ಗಂಟೆಗಟ್ಟಲೆ, ದಿನ ದಿನ, ಒಂದೇ ಮುಚ್ಚಿದ ಜಾಗದಲ್ಲಿ ಇದ್ದಾಗ ಅಪಾಯ ಕೂಡುತ್ತಾ ಹೋಗುತ್ತದೆ.

ಸೋಂಕು ಅಂದ್ರೆ ಕಾಯಿಲೆನೇ ಅಲ್ವಾ?

ಅಲ್ಲ. ರೋಗಾಣು ಒಳಗೆ ಹೋದವರಲ್ಲಿ ಹೆಚ್ಚಿನವರ ದೇಹ ಅದನ್ನು ಅದುಮಿ ಇಡುತ್ತದೆ. ಅವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಅವರಿಂದ ಬೇರೆಯವರಿಗೆ ಹರಡುವುದೂ ಇಲ್ಲ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಶೇಕಡಾ 31ರಷ್ಟು ಜನರಿಗೆ ಸೋಂಕು ಕಂಡುಬಂತು. ಅಂದರೆ ಮೂವರಲ್ಲಿ ಒಬ್ಬರು, ಹೆಚ್ಚೂ ಕಡಿಮೆ. ಇವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಹಾಗೆ ಬೀಳುವವರಲ್ಲಿ ಸುಮಾರು ಅರ್ಧ ಜನ ಸೋಂಕು ತಗುಲಿದ ಮೊದಲ ಎರಡು ವರ್ಷದಲ್ಲೇ ಬೀಳುತ್ತಾರೆ. ಸಕ್ಕರೆ ಕಾಯಿಲೆ, ಎಚ್‌ಐವಿ, ಹೊಟ್ಟೆಗೆ ಸಾಲದ ಊಟ, ಬೀಡಿ, ಕುಡಿತ ಇದ್ದರೆ ಲೆಕ್ಕ ಬದಲಾಗುತ್ತದೆ, ಮೇಲಕ್ಕೇ ಹೋಗುತ್ತದೆ. ಕಲ್ಲಿನ ದೂಳೂ ಹಾಗೆಯೇ. ಕ್ವಾರಿ, ಕ್ರಷರ್, ಗಣಿ ಕೆಲಸದಲ್ಲಿ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತವರಿಗೆ ಟಿಬಿ ಬರುವ ಸಂಭವ ಹಲವು ಪಟ್ಟು ಜಾಸ್ತಿ. ಕುಷ್ಟಗಿ ಕಡೆ ಗ್ರಾನೈಟ್ ಕಡಿಯುವವರು, ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು ಇದನ್ನು ನೆನಪಿಡಬೇಕು.

ನಮ್ಮಕ್ಕಗೆ ಕುತ್ತಿಗೆ ಗಂಟಿನಾಗ ಟಿಬಿ ಅಂದ್ರು. ಮಕ್ಕಳನ್ನ ದೂರ ಇಡಬೇಕೇನು?

ಬೇಡ. ಶ್ವಾಸಕೋಶ ಅಥವಾ ಗಂಟಲಿನ ಟಿಬಿ ಮಾತ್ರ ಗಾಳಿಯಲ್ಲಿ ಹರಡುತ್ತದೆ. ಕುತ್ತಿಗೆ ಗಂಟು, ಮೂಳೆ, ಹೊಟ್ಟೆ, ಮೆದುಳಿನ ಟಿಬಿಯವರ ಪಕ್ಕ ಕೂತರೆ, ಮಲಗಿದರೆ ಏನೂ ಆಗುವುದಿಲ್ಲ. ಆದರೆ ಎದೆಯ ಎಕ್ಸ್‌ರೇ ಒಂದು ಆಗಿದೆಯಾ ಕೇಳಿ. ಒಮ್ಮೊಮ್ಮೆ ಎರಡೂ ಕಡೆ ಇರುತ್ತದೆ.

ಯಾವಾಗ ಪರೀಕ್ಷೆ ಮಾಡಿಸಬೇಕು? ಎಷ್ಟು ಖರ್ಚು? ಊರಿಗೆಲ್ಲ ಗೊತ್ತಾಗುತ್ತಾ?

ಎರಡು ವಾರ ದಾಟಿದ ಕೆಮ್ಮು, ಸಂಜೆ ಬರುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ. ಇದರಲ್ಲಿ ಒಂದಿದ್ದರೂ ಸಾಕು, ಕಫ ಕೊಡಿ. ಎಂಜಲಲ್ಲ, ಎದೆಯಾಳದಿಂದ ಬಂದ ಕಫ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟರೂ ಆಯಿತು, ತಾಲೂಕು ಆಸ್ಪತ್ರೆಯಲ್ಲಿ ಕೊಟ್ಟರೂ ಆಯಿತು, ಬಳ್ಳಾರಿಯ ವಿಮ್ಸ್ ಅಥವಾ ರಾಯಚೂರಿನ ರಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಹೋದರೂ ಆಯಿತು. ಸರ್ಕಾರಿ ಜಾಗದಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ ಒಂದೆರಡು ಗಂಟೆಯಲ್ಲಿ ರೋಗಾಣು ಇದೆಯೋ ಇಲ್ಲವೋ ಹೇಳುತ್ತದೆ. ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಿಗೆ ಅದು ಬಗ್ಗುತ್ತದೋ ಇಲ್ಲವೋ ಅನ್ನೋದನ್ನೂ ಹೇಳುತ್ತದೆ.

ಹೆಸರು ನಿಕ್ಷಯ್ ಅನ್ನುವ ಸರ್ಕಾರಿ ದಾಖಲೆಯಲ್ಲಿ ಸೇರುತ್ತದೆ. ಖಾಸಗಿ ಡಾಕ್ಟರ್ ಹತ್ತಿರ ತೋರಿಸಿದರೂ ಅವರು 2012ರಿಂದ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಊರಿಗೆ ಡಂಗುರ ಸಾರುವುದಿಲ್ಲ. ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಾಯಿತು. ಸಹಾಯವಾಣಿ 1800-11-6666.

## ಮನೆಯೊಳಗಿನವು

ನಮ್ದು ಹಳೇ ಮಾಳಿಗೆ ಮನೆ. ಕಿಟಕಿನೇ ಇಲ್ಲ. ಏನ್ ಮಾಡೋಣ?

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ಬಿಸಿಲಿಗೆ ಕಟ್ಟಿದ್ದು. ದಪ್ಪ ಗೋಡೆ, ಸಣ್ಣ ಬಾಗಿಲು, ತಂಪಾದ ಕತ್ತಲೆ. ಗಾಳಿಗೆ ಇರುವ ಒಂದೇ ದಾರಿ ಮೇಲಿನ ಬೆಳಕಿಂಡಿ. ಎಷ್ಟೋ ಮನೆಗಳಲ್ಲಿ ಮಳೆ ಬರುತ್ತದೆ, ಇಲಿ ಬರುತ್ತದೆ ಅಂತ ಅದರ ಮೇಲೆ ಕಲ್ಲು ಇಟ್ಟು ಮುಚ್ಚಿರುತ್ತಾರೆ. ಮೊದಲು ಅದನ್ನು ತೆಗೆಯಿರಿ. ಬಿಸಿ ಗಾಳಿ ಮೇಲೇರುತ್ತದೆ. ಬೆಳಕಿಂಡಿಯೂ ಮುಂಬಾಗಿಲೂ ತೆರೆದಿದ್ದರೆ ಕೆಳಗಿಂದ ಒಳಗೆ, ಮೇಲಿಂದ ಹೊರಗೆ ಗಾಳಿ ತಾನೇ ಓಡಾಡುತ್ತದೆ. ಇಲಿಗೆ ಜಾಲರಿ ಹಾಕಿಸಿ.

ಎರಡನೆಯದು, ಮಲಗುವ ಜಾಗ. ಕಾಯಿಲೆಯವರನ್ನು ಒಳಗಿನ ಕೋಣೆಗೆ ತಳ್ಳಬೇಡಿ. ಪಡಸಾಲೆಯಲ್ಲಿ, ಕಟ್ಟೆಯ ಮೇಲೆ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಲಿ. ಬಾಗಿಲಿಗೆ ಹತ್ತಿರದ ಜಾಗ ಅವರಿಗೇ ಇರಲಿ. ಹಗಲು ಹೊತ್ತು ಬೇವಿನ ಮರದ ಕೆಳಗೆ ಕೂತು ಎಲ್ಲರ ಜೊತೆ ಮಾತಾಡಲಿ, ಉಣ್ಣಲಿ. ಹೊರಗೆ ಗಾಳಿಯೂ ಇದೆ, ಬಿಸಿಲೂ ಇದೆ. ನೇರ ಬಿಸಿಲು ರೋಗಾಣುವನ್ನು ಕೊಲ್ಲುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವೇ? ಆಶ್ರಯ ಮನೆಯಂಥ ಒಂದು ಕೋಣೆಯ ಸಿಮೆಂಟ್ ಮನೆಯಾದರೆ ಎದುರು ಬದುರು ಎರಡು ಕಿಂಡಿ ಇರುವ ಹಾಗೆ ನೋಡಿಕೊಳ್ಳಿ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಟ್ಟರೆ ಅಷ್ಟು ಪ್ರಯೋಜನವಿಲ್ಲ.

ಏಪ್ರಿಲ್‌ನಾಗ ಕಿಟಕಿ ತೆಗೆದ್ರೆ ಬೆಂಕಿ ಗಾಳಿ ರೀ. ಎಸಿ ಒಳ್ಳೇದಾ, ಕೂಲರ್ರಾ, ಫ್ಯಾನಾ?

ಟಿಬಿ ಲೆಕ್ಕದಲ್ಲಿ ಕಿಟಕಿಗೆ ಹೊರಗಿಂದ ಕೂರಿಸಿದ ಕೂಲರ್ ಗೆಲ್ಲುತ್ತದೆ. ಅದು ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ತಳ್ಳುತ್ತದೆ. ಎದುರಿನ ಬಾಗಿಲು ಅಥವಾ ಕಿಟಕಿ ಸ್ವಲ್ಪ ತೆರೆದಿದ್ದರೆ ಹಳೆ ಗಾಳಿ ಹೊರಗೆ ಹೋಗುತ್ತದೆ. ಹಾಗೆ ತೆರೆದಿದ್ದರೇ ತಂಪೂ ಚೆನ್ನಾಗಿ ಆಗುತ್ತದೆ, ಇಲ್ಲದಿದ್ದರೆ ಕೋಣೆ ಜಿಗುಟು ಜಿಗುಟು. ಅದೇ ಕೂಲರನ್ನು ಕೋಣೆ ಒಳಗೆ ಇಟ್ಟು ಬಾಗಿಲು ಹಾಕಿದರೆ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ.

ಗೋಡೆಗೆ ಹಾಕುವ ಎಸಿ ಹೊರಗಿನ ಗಾಳಿ ತರುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಹೊರಗಿರುವ ಡಬ್ಬದಿಂದ ಒಳಗೆ ಬರುವುದು ಬರೀ ತಂಪು. ಉಸಿರು ಮಾತ್ರ ಒಳಗಿನದೇ, ಸುತ್ತಿ ಸುತ್ತಿ ಅದೇ. ಮೇಲೆ ತಿರುಗುವ ಫ್ಯಾನೂ ಅಷ್ಟೇ, ಕಿಟಕಿ ತೆರೆದಿದ್ದರೆ ಸಹಾಯ, ಮುಚ್ಚಿದ್ದರೆ ಸುಮ್ನೆ ಕಲಕುತ್ತದೆ. ಅಡುಗೆಮನೆಗೆ ಹಾಕುವ ಸಣ್ಣ ಎಕ್ಸಾಸ್ಟ್ ಫ್ಯಾನನ್ನು ಮಲಗುವ ಕೋಣೆಗೂ ಹಾಕಿಸಬಹುದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚಲೇಬೇಕು ಅಂದರೆ ಮುಚ್ಚಿ, ಆದರೆ ಆ ಹೊತ್ತಲ್ಲಿ ಕೆಮ್ಮುವವರೂ ಕೂಸೂ ಒಂದೇ ಕೋಣೆಯಲ್ಲಿ ಮಲಗುವುದು ಬೇಡ.

ಮಾತ್ರೆ ಶುರು ಮಾಡಿ ಎಷ್ಟು ದಿನಕ್ಕೆ ಮೊಮ್ಮಗನ್ನ ಎತ್ತಿಕೊಳ್ಳಬಹುದು?

ಸಾಮಾನ್ಯವಾಗಿ ಡಾಕ್ಟರು ಎರಡು ವಾರ ಅನ್ನುತ್ತಾರೆ. ಔಷಧಿಗೆ ಬಗ್ಗುವ ಟಿಬಿ ಆಗಿದ್ದು ಮಾತ್ರೆ ತಪ್ಪದೆ ನುಂಗುತ್ತಿದ್ದರೆ ಹರಡುವ ಶಕ್ತಿ ಬಲು ಬೇಗ ಕುಸಿಯುತ್ತದೆ. 2024ರಲ್ಲಿ ಅಮೆರಿಕದ ಟಿಬಿ ತಜ್ಞರ ಸಂಘ ಹೆಚ್ಚಿನವರಿಗೆ ಐದು ದಿನ ಸಾಕು ಅನ್ನುವವರೆಗೆ ಹೋಯಿತು. ಚಿಕ್ಕ ಕೂಸು ಇರುವ ಮನೆಯಲ್ಲಿ ನಾನಾದರೆ ಎರಡು ವಾರವನ್ನೇ ಹಿಡಿಯುತ್ತೇನೆ.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ಪಕ್ಕದ ಮದರಾಸು. ಆಗ ಟಿಬಿ ಅಂದರೆ ವರ್ಷಗಟ್ಟಲೆ ಸ್ಯಾನಟೋರಿಯಂ, ಅಂದರೆ ಟಿಬಿಯವರನ್ನೇ ಇಡುವ ಆಸ್ಪತ್ರೆ, ಅನ್ನುವ ಕಾಲ. 1950ರ ದಶಕದ ಕೊನೆಗೆ ಅಲ್ಲಿನ ಸಂಶೋಧಕರು ಒಂದಷ್ಟು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ, ಉಳಿದವರನ್ನು ಅವರವರ ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರು. ಮನೆ ಅಂದರೆ ಬಡವರ ಇಕ್ಕಟ್ಟಾದ ಮನೆಗಳು. ಐದು ವರ್ಷ ಹಿಂಬಾಲಿಸಿ ನೋಡಿದರೆ, ಮನೆಯಲ್ಲಿ ಚಿಕಿತ್ಸೆ ಪಡೆದವರ ಮನೆಮಂದಿಗೆ ಹೆಚ್ಚೇನೂ ಕಾಯಿಲೆ ಬರಲಿಲ್ಲ. ಹರಡಬೇಕಾದ್ದು ಬಹುಪಾಲು ಕಾಯಿಲೆ ಗೊತ್ತಾಗುವ ಮೊದಲೇ ಹರಡಿ ಆಗಿರುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೇಲೆ ಆರು ತಿಂಗಳು ದೂರ ಇಡುವುದರಲ್ಲಿ ಅರ್ಥವಿಲ್ಲ. ಕೆಮ್ಮು ಶುರುವಾದ ಮೂರನೇ ವಾರದಲ್ಲೇ ಕಫ ಕೊಡುವುದರಲ್ಲಿ ಇದೆ.

ಔಷಧಿಗೆ ಬಗ್ಗದ ಟಿಬಿಯಾದರೆ ಈ ದಿನಗಳ ಲೆಕ್ಕ ನಡೆಯುವುದಿಲ್ಲ. ಸರಿಯಾದ ಔಷಧಿ ಶುರುವಾಗುವ ತನಕ ಹರಡುತ್ತಲೇ ಇರುತ್ತದೆ.

ಬಾಣಂತಿಗೆ ಟಿಬಿ. ಹಾಲು ಕುಡಿಸಬಹುದಾ?

ಕುಡಿಸಬಹುದು, ಕುಡಿಸಬೇಕು. ಎದೆಹಾಲಿನಿಂದ ಟಿಬಿ ಬರುವುದಿಲ್ಲ. ಶುರುವಿನ ದಿನಗಳಲ್ಲಿ ತಾಯಿ ಮಾಸ್ಕ್ ಹಾಕಿಕೊಳ್ಳಲಿ. ಬಾಣಂತಿ ಕೋಣೆಗೆ ಗಾಳಿ ಹೋಗಬಾರದು ಅಂತ ಕಿಟಕಿಗೆ ಕಂಬಳಿ ಕಟ್ಟುವ ಪದ್ಧತಿ ಇದೆಯಲ್ಲ, ಅದನ್ನು ಈ ಸಲ ಬಿಡಿ. ಕೂಸಿಗೆ ಏನು ಔಷಧಿ ಅಂತ ಡಾಕ್ಟರ್ ಹೇಳುತ್ತಾರೆ.

ಬಿಸಿಜಿ ಹಾಕಿಸಿದೀವಲ್ಲ, ಮಕ್ಕಳಿಗೆ ಯಾಕೆ ಹೆದರಬೇಕು?

ಬಿಸಿಜಿ ಲಸಿಕೆ ಚಿಕ್ಕ ಮಕ್ಕಳನ್ನು ಮೆದುಳಿನ ಟಿಬಿಯಂಥ ಘೋರ ರೂಪದಿಂದ ಕಾಪಾಡುತ್ತದೆ. ಅದಕ್ಕಾಗಿ ಹಾಕಿಸಲೇಬೇಕು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅದು ತಡೆಯುವುದಿಲ್ಲ. ತಮಿಳುನಾಡಿನ ಚೆಂಗಲ್‌ಪಟ್ಟುವಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ಇದು ಗೊತ್ತಾಯಿತು. ಸಣ್ಣ ಮಕ್ಕಳು ಬೇರೆಯವರಿಗೆ ಹರಡುವುದು ಅಪರೂಪ, ಆದರೆ ದೊಡ್ಡವರಿಂದ ತಗುಲಿದರೆ ಐದು ವರ್ಷದೊಳಗಿನ ಕೂಸು ಬೇಗ ಕಾಯಿಲೆ ಬೀಳುತ್ತದೆ.

ಮನೆಯವರೆಲ್ಲ ಗಟ್ಟಿಮುಟ್ಟಾಗಿದೀವಿ. ನಮಗ್ಯಾಕೆ ಮಾತ್ರೆ ಕೊಡ್ತಾರೆ?

ಅದು ಮುಂಜಾಗ್ರತೆ ಮಾತ್ರೆ. ಒಳಗೆ ಅಡಗಿರುವ ರೋಗಾಣು ಏಳದಿರಲಿ ಅಂತ. ಒಂದೋ ಆರು ತಿಂಗಳು ದಿನಾ ನುಂಗುವ ಐಸೋನಿಯಾಜಿಡ್, ಇಲ್ಲವೇ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ನುಂಗುವ ಜೋಡಿ ಮಾತ್ರೆ. ಮೊದಲು ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡೇ ಕೊಡುತ್ತಾರೆ. ಹಿಂದೆ ಚಿಕ್ಕ ಮಕ್ಕಳಿಗೆ, ಎಚ್‌ಐವಿ ಇದ್ದವರಿಗೆ ಮಾತ್ರ ಕೊಡುತ್ತಿದ್ದರು, ಈಗ ಮನೆಮಂದಿಗೆಲ್ಲ ಕೊಡುತ್ತಾರೆ.

ಇದರ ಜೊತೆಗೆ ಊಟ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ರೇಷನ್ ಕೊಟ್ಟು ನೋಡಿದರು. ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ, ಅಷ್ಟೇ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬೀಳುವುದು ಶೇಕಡಾ 39ರಷ್ಟು ಇಳಿಯಿತು. ಒಂದೇ ಗಾಳಿ ಉಸಿರಾಡಿದರೂ ಹೊಟ್ಟೆ ತುಂಬಿದವರು ತಡೆದುಕೊಂಡರು.

## ಮನೆಯಾಚೆ

ನಮ್ಮನೇಲಿ, ನಮ್ಮ ವಂಶದಾಗ ಯಾರಿಗೂ ಇಲ್ಲ. ನನಗೆ ಎಲ್ಲಿಂದ ಬಂತು?

ವಂಶಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊರಗಿಂದ ಬಂತು. ಟಿಬಿ ಜಾಸ್ತಿ ಇರುವ ಊರುಗಳಲ್ಲಿ ಹೆಚ್ಚಿನ ಹರಡುವಿಕೆ ಮನೆಯಾಚೆಯೇ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ರೋಗಾಣುಗಳ ಗುರುತು ಹೋಲಿಸಿ ಯಾರಿಂದ ಯಾರಿಗೆ ಹೋಗಿರಬಹುದು ಅಂತ ಲೆಕ್ಕ ಹಾಕಿದರು. 2004ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಮನೆಯೊಳಗೆ ಹರಡಿದ್ದು ಐದರಲ್ಲಿ ಒಂದು ಪಾಲು. ಉಳಿದದ್ದು ಹೊರಗಿನದು. ಹಾಗಾಗಿ ಸೊಸೆ ತಂದಳು, ಅಳಿಯ ತಂದ ಅಂತ ಜಗಳ ಆಡುವ ಮೊದಲು ನೀವೇ ದಿನಾ ಎಲ್ಲೆಲ್ಲಿ ಕೂರುತ್ತೀರಿ ನೆನಪಿಸಿಕೊಳ್ಳಿ.

ನಾನು ಜೀನ್ಸ್ ಹೊಲಿಯೋನು. ಒಂದು ರೂಮಲ್ಲಿ ಹನ್ನೆರಡು ಮಷೀನು. ಒಬ್ಬನಿಗೆ ಟಿಬಿ ಅಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಳ್ಳಾರಿಯ ಕೌಲ್ ಬಜಾರ್ ಕಡೆ ಸಣ್ಣ ಯೂನಿಟ್‌ಗಳನ್ನು ನೋಡಿದವರಿಗೆ ಗೊತ್ತು. ತಗ್ಗು ಸೂರು, ಒಂದು ಬಾಗಿಲು. ದೂಳು ಬಟ್ಟೆಗೆ ಕೂರುತ್ತದೆ ಅಂತ ಕಿಟಕಿ ಮುಚ್ಚಿರುತ್ತಾರೆ. ಪೀಸ್ ಲೆಕ್ಕದ ಕೂಲಿ, ಹಾಗಾಗಿ ಎದ್ದು ಹೊರಗೆ ಹೋದರೆ ದುಡ್ಡು ಕಡಿತ. ಕೆಮ್ಮಿದ್ದರೂ ರಜೆ ಹಾಕುವುದಿಲ್ಲ. ದಿನಕ್ಕೆ ಒಂಬತ್ತು ಹತ್ತು ಗಂಟೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆಯುತ್ತಿರುತ್ತಾರೆ. ಎಷ್ಟೋ ಜನ ಮನೆಯವರ ಜೊತೆಗಿಂತ ಹೆಚ್ಚು ಎಚ್ಚರದ ಹೊತ್ತನ್ನು ಇಲ್ಲೇ ಕಳೆಯುತ್ತಾರೆ.

ಮೊದಲ ಕೆಲಸ, ಹನ್ನೊಂದು ಜನರೂ ಪರೀಕ್ಷೆ ಮಾಡಿಸಿಕೊಳ್ಳಿ. ಕೆಮ್ಮಿಲ್ಲದಿದ್ದರೂ ಎಕ್ಸ್‌ರೇ ಕೇಳಿ. ಎರಡನೆಯದು, ಬಾಗಿಲಿನ ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್. ದೂಳಿನ ಚಿಂತೆಗೆ ಕಿಟಕಿಗೆ ತೆಳು ಜಾಲರಿ. ಮೂರನೆಯದು ಮಾಲೀಕರಿಗೆ: ಕೆಮ್ಮುವವರನ್ನು ಕೆಲಸದಿಂದ ತೆಗೆದರೆ ಉಳಿದವರು ಕೆಮ್ಮನ್ನು ಮುಚ್ಚಿಡಲು ಕಲಿಯುತ್ತಾರೆ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಹೆಂಗಸರಿಗೂ, ಫ್ಯಾನ್ ಹಾಕಿದರೆ ಕೂದಲು ಹಾರುತ್ತದೆ ಅಂತ ಎಲ್ಲ ಮುಚ್ಚಿ ಕೂತಿದ್ದರೆ, ಇದೇ ಮಾತು.

ಕಾಯಿಲೆಯಾದ ಹುಡುಗ ಮಾತ್ರೆ ಶುರು ಮಾಡಿ, ಡಾಕ್ಟರ್ ಹೂಂ ಅಂದ ಮೇಲೆ ಕೆಲಸಕ್ಕೆ ಬರಬಹುದು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿರುವ ಅವನಿಗಿಂತ ಇನ್ನೂ ಪರೀಕ್ಷೆ ಮಾಡಿಸದೆ ಕೆಮ್ಮುತ್ತಿರುವವರಿಂದ ಭಯ ಜಾಸ್ತಿ.

ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರ್ತಾರೆ. ಹೋಗಬಹುದಾ?

ಹೋಗಿ ಬನ್ನಿ. ತೇರು ಎಳೆಯುವ ಬಯಲಿನಲ್ಲಿ ಗುಂಪು ಎಷ್ಟೇ ಇರಲಿ, ಗಾಳಿ ತೆರೆದಿದೆ. ಹುಲಿಗೆಮ್ಮನ ಜಾತ್ರೆಗೂ ಇದೇ ಉತ್ತರ. ಗುಂಪು ಕಂಡರೆ ಹೆದರುತ್ತೇವೆ, ನಾಲ್ಕೇ ಜನರ ಮುಚ್ಚಿದ ಕೋಣೆ ಕಂಡರೆ ಹೆದರುವುದಿಲ್ಲ. ಜಾತ್ರೆಗೆ ಹೋದಾಗ ಬಾಡಿಗೆ ಕೋಣೆಯಲ್ಲಿ ಹತ್ತು ಜನ ಕಿಟಕಿ ಹಾಕಿ ರಾತ್ರಿ ಕಳೆಯುವುದೇ ಜಾಸ್ತಿ ಯೋಚಿಸಬೇಕಾದ ವಿಷಯ. ಅದೂ ಒಂದು ರಾತ್ರಿ ಅಷ್ಟೇ.

ರಾಯಚೂರಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಸ್ಲೀಪರ್, ಎಸಿ. ಅಪಾಯನಾ?

ಬೆಲೆ ಕಡಿಮೆಯ ಬಸ್ಸು ಗೆಲ್ಲುವ ಅಪರೂಪದ ಜಾಗ ಇದು. ಕಿಟಕಿ ತೆರೆದ ಕೆಂಪು ಬಸ್ಸಿನಲ್ಲಿ ಓಡುವಾಗ ಗಾಳಿ ಬದಲಾಗುತ್ತಲೇ ಇರುತ್ತದೆ. ಮುಚ್ಚಿದ ಎಸಿ ಬಸ್ಸಿನಲ್ಲಿ ಆ ಮಟ್ಟಕ್ಕೆ ಬದಲಾಗುವುದಿಲ್ಲ. ವಿಮಾನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಎಂಟು ಗಂಟೆ ಅನ್ನುವ ಗೆರೆ ಎಳೆದಿದೆ. ಅಷ್ಟು ಹೊತ್ತು ಜೊತೆಗಿದ್ದ ಹತ್ತಿರದ ಸೀಟಿನವರನ್ನು ಹುಡುಕಿ ತಿಳಿಸುತ್ತಾರೆ. ನಮ್ಮ ರಾತ್ರಿ ಬಸ್ಸು ಆ ಗೆರೆಯ ಹತ್ತಿರವೇ ಬರುತ್ತದೆ. ಹಾಗಂತ ತಿಂಗಳಿಗೊಮ್ಮೆ ಹೋಗುವವರು ಚಿಂತೆ ಮಾಡಬೇಕಿಲ್ಲ. ನೀವೇ ಕೆಮ್ಮುತ್ತಿದ್ದು ಇನ್ನೂ ಪರೀಕ್ಷೆ ಆಗಿಲ್ಲವಾದರೆ ಆ ಪ್ರಯಾಣ ಮುಂದೂಡಿ.

ನಾವು ಗುಳೆ ಹೋಗ್ತೀವಿ. ಶೆಡ್‌ನಾಗ ಎಂಟ್ಹತ್ತು ಮಂದಿ. ಮಾತ್ರೆ ಅರ್ಧಕ್ಕೆ ನಿಂತ್ರೆ?

ನಿಲ್ಲಿಸಬೇಡಿ. ನಿಮ್ಮ ನಿಕ್ಷಯ್ ನಂಬರ್ ಬರೆದಿಟ್ಟುಕೊಳ್ಳಿ. ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಆ ನಂಬರ್ ಹೇಳಿ ಮಾತ್ರೆ ಮುಂದುವರಿಸಬಹುದು. ಹೊರಡುವ ಮೊದಲು ಆಶಾ ಅಕ್ಕನಿಗೆ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿದರೆ ಅವರೇ ವರ್ಗಾವಣೆ ಮಾಡಿಸುತ್ತಾರೆ.

ಶೆಡ್ ವಿಷಯ ಬೇರೆ. ಲಿಂಗಸುಗೂರು, ದೇವದುರ್ಗ, ಮಾನ್ವಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೋದವರು ತಗಡಿನ ಶೆಡ್‌ನಲ್ಲಿ ಸಾಲಾಗಿ ಮಲಗುತ್ತಾರೆ. ಬೆಂಗಳೂರಿನ ಚಳಿಗೆ, ಸೊಳ್ಳೆಗೆ ಎಲ್ಲ ಸಂದೂ ಮುಚ್ಚುತ್ತಾರೆ. ಸೂರಿಗೂ ಗೋಡೆಗೂ ನಡುವೆ ಒಂದು ಅಡಿ ಸಂದು ಬಿಟ್ಟು ಸೊಳ್ಳೆಪರದೆ ಕಟ್ಟಿಕೊಳ್ಳುವುದು ಆಗುವ ಮಾತು. ತಲೆಗೆ ತಲೆ ತಾಗಿಸಿ ಮಲಗುವ ಬದಲು ಒಬ್ಬರ ತಲೆ, ಇನ್ನೊಬ್ಬರ ಕಾಲು. ಸಣ್ಣ ವಿಷಯ ಅನ್ನಿಸುತ್ತದೆ, ಸ್ವಲ್ಪ ಉಪಯೋಗ ಇದೆ, ಆದರೆ ಸಂದು ಬಿಡುವುದೇ ಮುಖ್ಯ.

ಹಾಸ್ಟೆಲ್‌ನಾಗ ಒಬ್ಬ ಹುಡುಗಗೆ ಟಿಬಿ ಬಂತು. ಎಲ್ಲರನ್ನೂ ಮನೆಗೆ ಕಳಿಸಬೇಕಾ?

ಬೇಡ. ಕಳಿಸಿದರೆ ಪರೀಕ್ಷೆ ಮಾಡುವವರ ಕೈಗೆ ಯಾರೂ ಸಿಗುವುದಿಲ್ಲ. ಅದೇ ಕೋಣೆಯವರನ್ನು ಮೊದಲು ನೋಡಿ, ಆಮೇಲೆ ಪಕ್ಕದ ಕೋಣೆ, ಓದುವ ಹಾಲ್. ಆ ಹುಡುಗನ ಹೆಸರನ್ನು ಪ್ರಾರ್ಥನೆ ಹೊತ್ತಲ್ಲಿ ಹೇಳುವ ಅಗತ್ಯವಿಲ್ಲ, ಅಲ್ವಾ?

## ಸ್ವಲ್ಪ ಆಳದವು

ಗಂಡಸರಿಗೇ ಯಾಕೆ ಜಾಸ್ತಿ?

ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರಲ್ಲಿ ಟಿಬಿ ಹೆಂಗಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ಕಂಡಿತು. ಬೀಡಿ, ಕುಡಿತ, ದೂಳಿನ ಕೆಲಸ ಒಂದು ಕಾರಣ. ಇನ್ನೊಂದು, ಯಾರು ಯಾರ ಜೊತೆ ಕೂರುತ್ತಾರೆ ಅನ್ನೋದು. ಗಂಡಸರು ಬಾರಿನಲ್ಲಿ, ಇಸ್ಪೀಟಿನ ಕೋಣೆಯಲ್ಲಿ, ಲಾರಿ ಕ್ಯಾಬಿನ್ನಿನಲ್ಲಿ, ಕೆಲಸದ ಶೆಡ್ಡಿನಲ್ಲಿ ಗಂಡಸರ ಜೊತೆಯೇ ಹೊತ್ತು ಕಳೆಯುತ್ತಾರೆ. ಹಾಗಾಗಿ ಅವರೊಳಗೇ ಸುತ್ತುತ್ತದೆ. ಮತ್ತೆ ಗಂಡಸರು ಆಸ್ಪತ್ರೆಗೆ ಬರುವುದೂ ತಡ. ಅಷ್ಟು ದಿನವೂ ಅದೇ ಕೋಣೆಗಳಲ್ಲಿ ಕೂತಿರುತ್ತಾರೆ.

ಕೆಮ್ಮೇ ಇಲ್ಲದವರಿಂದಲೂ ಹರಡುತ್ತಂತೆ, ನಿಜನಾ?

ನಿಜ ಅನ್ನುವ ಕಡೆಗೇ ಈಚಿನ ಸಂಶೋಧನೆ ವಾಲುತ್ತಿದೆ. ಅದೇ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಶೇಕಡಾ 42ಕ್ಕೂ ಹೆಚ್ಚು ಜನ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು, ಹೇಳಿಕೊಳ್ಳುವಂಥ ಲಕ್ಷಣವೇ ಇರಲಿಲ್ಲ. ಸುಮ್ನೆ ಉಸಿರಾಡುವಾಗಲೂ ರೋಗಾಣು ಹೊರಬರುತ್ತದೆ ಅಂತ ಕೇಪ್‌ಟೌನ್‌ನ ಸಂಶೋಧಕರು ತೋರಿಸಿದ್ದಾರೆ. ಒಂದು ಕೆಮ್ಮಿನಲ್ಲಿ ಜಾಸ್ತಿ ಬರಬಹುದು, ಆದರೆ ಉಸಿರಾಟ ದಿನಕ್ಕೆ ಇಪ್ಪತ್ತು ಸಾವಿರ ಸಲ. ಹಾಗಾಗಿ ಕೆಮ್ಮಿದಾಗ ಬಾಯಿಗೆ ಬಟ್ಟೆ ಹಿಡಿಯುವುದು ಒಳ್ಳೆಯದೇ, ಅದರಿಂದಲೇ ಎಲ್ಲ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಕೋಣೆಯ ಗಾಳಿ ಹೊರಗೆ ಹೋಗಲೇಬೇಕು.

ಮಾತಾಡಿಸದೇ ಇದ್ದವರಿಂದಲೂ ಬರುತ್ತಾ? ಹಂಗಾದ್ರೆ ಸಂಪರ್ಕ ಅಂದ್ರೇನು?

ಬರಬಹುದು. 1965ರ ಹೊತ್ತಿಗೆ ಅಮೆರಿಕದ ರಿಚರ್ಡ್ ಇ. ಬರ್ಡ್ ಅನ್ನುವ ಯುದ್ಧನೌಕೆಯಲ್ಲಿ ಒಬ್ಬ ನಾವಿಕನಿಂದ ಟಿಬಿ ಹರಡಿತು. ಅವನ ಕೋಣೆಯ ಗಾಳಿ ಕೊಳವೆಯಲ್ಲಿ ಬೇರೆ ಕೋಣೆಗೂ ಹೋಗುತ್ತಿತ್ತು. ಆ ಬೇರೆ ಕೋಣೆಯಲ್ಲಿದ್ದು ಅವನ ಹತ್ತಿರ ಹೆಚ್ಚು ಬಾರದವರಿಗೂ ಸೋಂಕು ತಗುಲಿತು.

ಸಂಪರ್ಕ ಅಳೆಯುವ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ನಿನ್ನೆ ಎಷ್ಟು ಜನರ ಜೊತೆ ಮಾತಾಡಿದಿರಿ ಅಂತ ಕೇಳುತ್ತಾರೆ. ಫ್ಲೂಗೆ ಅದು ಸರಿ. ಟಿಬಿಗೆ ಕೇಳಬೇಕಾದ್ದು ಬೇರೆ: ಯಾವ ಯಾವ ಕೋಣೆಯಲ್ಲಿ ಕೂತಿರಿ, ಎಷ್ಟು ಹೊತ್ತು, ಅಲ್ಲಿ ಎಷ್ಟು ಜನ ಇದ್ದರು. ಜನರನ್ನು ಗಂಟೆಯಿಂದ ಗುಣಿಸಿ ನೋಡಿ. ಮನೆಯಲ್ಲಿ ಐದು ಜನರ ಜೊತೆ ಎಂಟು ಗಂಟೆ ಅಂದರೆ 40. ಹೊಲಿಗೆ ಕೋಣೆಯಲ್ಲಿ ಹನ್ನೊಂದು ಜನರ ಜೊತೆ ಒಂಬತ್ತು ಗಂಟೆ ಅಂದರೆ 99. ಮುಚ್ಚಿದ ಹೋಟೆಲಿನಲ್ಲಿ ಹತ್ತು ಜನರ ಜೊತೆ ಅರ್ಧ ಗಂಟೆ ಅಂದರೆ 5.

ಇನ್ನೊಂದು ಸೂಕ್ಷ್ಮ ಇದೆ. ಮನೆಯವರು ದಿನಾ ಅದೇ ಐದು ಜನ. ರೋಗಿಯ ಜೊತೆ ಇರುವ ಒಬ್ಬೊಬ್ಬರಿಗೂ ಅಪಾಯ ದೊಡ್ಡದು, ಆದರೆ ತಲೆಗಳು ಐದೇ. ಹೊರಗೆ ಒಬ್ಬೊಬ್ಬರಿಗೆ ಅಪಾಯ ಸಣ್ಣದು, ತಲೆಗಳು ದಿನಾ ಹೊಸವು. ವರ್ಷದಲ್ಲಿ ನೂರಾರು. ಹಾಗಾಗಿ ಮನೆಯವರನ್ನು ಮೊದಲು ಪರೀಕ್ಷೆ ಮಾಡಬೇಕು ಅನ್ನೋದೂ ಸರಿ, ಹೆಚ್ಚಿನದು ಹೊರಗೇ ಹರಡುತ್ತದೆ ಅನ್ನೋದೂ ಸರಿ. ಎರಡಕ್ಕೂ ಜಗಳವಿಲ್ಲ.

ಕೋಣೆ ಗಾಳಿ ಚೆನ್ನಾಗಿದೆಯೋ ಇಲ್ವೋ ಅಳೆಯೋಕಾಗುತ್ತಾ?

ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯಲ್ಲಿ ಮೀಟರ್ 1,220 ತೋರಿಸಿದರೆ ಹೊರಗಿಗಿಂತ 800 ಜಾಸ್ತಿ, ಅಂದರೆ ನೀವು ಎಳೆಯುವ ಗಾಳಿಯ ನೂರಕ್ಕೆ ಎರಡು ಪಾಲು ಯಾರೋ ಬಿಟ್ಟ ಉಸಿರು. 2,420 ತೋರಿಸಿದರೆ ನೂರಕ್ಕೆ ಐದು, ಇಪ್ಪತ್ತು ಉಸಿರಿಗೆ ಒಂದು. ಶಾಲೆ, ಹಾಸ್ಟೆಲ್, ಟ್ಯೂಷನ್ ಕೋಣೆಗೆ ಒಂದು ಮೀಟರ್ ಕೊಂಡರೆ ಕಿಟಕಿ ತೆಗೆಸಲು ವಾದ ಮಾಡುವುದು ತಪ್ಪುತ್ತದೆ. ಕೋಣೆಯಲ್ಲಿ ಒಲೆ ಉರಿಯುತ್ತಿದ್ದರೆ ಅಂಕಿ ನಂಬಬೇಡಿ.

ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು ನೋಡಿದಾಗ, ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೆ ವಾರ್ಡುಗಳು ಯಂತ್ರದಿಂದ ಗಾಳಿ ಆಡಿಸುವ ಹೊಸ ಕೋಣೆಗಳಿಗಿಂತ ಚೆನ್ನಾಗಿದ್ದವು. ಕಿಟಕಿ ತೆರೆದಿದ್ದರೆ ಮಾತ್ರ.

ಮಾಸ್ಕ್ ಯಾರು ಹಾಕಬೇಕು? ರೋಗಿನಾ, ನಾವಾ?

ಮೊದಲು ರೋಗಿ. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಗಿನಿಪಿಗ್‌ಗಳನ್ನೇ ಇಟ್ಟು ನೋಡಿದಾಗ, ರೋಗಿಗಳು ಮಾಸ್ಕ್ ಹಾಕಿದ ದಿನಗಳಲ್ಲಿ ಹರಡುವುದು ಅರ್ಧಕ್ಕಿಂತ ಹೆಚ್ಚು ಇಳಿಯಿತು. ನೋಡಿಕೊಳ್ಳುವವರಿಗೆ ಸರ್ಜಿಕಲ್ ಮಾಸ್ಕಿನಿಂದ ಅಷ್ಟು ಕಾಪು ಸಿಗುವುದಿಲ್ಲ, ಪಕ್ಕದ ಸಂದಿನಿಂದ ಗಾಳಿ ನುಗ್ಗುತ್ತದೆ. ಅವರಿಗೆ ಎನ್95 ಬೇಕು. ಔಷಧಿಗೆ ಬಗ್ಗದ ಟಿಬಿಯವರ ಆರೈಕೆಗೆ ಅದನ್ನು ಬಿಡಬೇಡಿ.

ನಾನು ಆಶಾ. ಕಾಂಟ್ಯಾಕ್ಟ್ ಪಟ್ಟಿಗೆ ಮನೆಯವರನ್ನ ಬರೀತೀನಿ. ಇನ್ಯಾರನ್ನ ಬರೀಬೇಕು?

ಚಿಕಿತ್ಸೆ ಶುರುವಾಗುವ ಹಿಂದಿನ ಮೂರು ತಿಂಗಳನ್ನು ಹಿಡಿಯಿರಿ. ಯಾರ ಜೊತೆ ಇದ್ದಿರಿ ಅಂತ ಕೇಳಿದರೆ ಮನೆಯವರ ಹೆಸರು ಬಿಟ್ಟು ಬೇರೆ ಬರುವುದಿಲ್ಲ. ಎಲ್ಲಿ ಕೂರುತ್ತಿದ್ದಿರಿ ಅಂತ ಕೇಳಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಒಂದು ದಿನವನ್ನು ಹೇಳಿಸಿ, ಒಳಗಿನ ಜಾಗಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ಅಕ್ಕಿ ಗಿರಣಿಯ ಹಮಾಲರ ಕೋಣೆ, ಸಂಘದ ಸಭೆ ನಡೆಯುವ ಮನೆ, ರಾತ್ರಿ ಟಿವಿ ನೋಡಲು ಹೋಗುವ ಪಕ್ಕದ ಮನೆ, ಭಜನೆ ಮಂಡಳಿ ಹೀಗೆ. ಗಂಡಸಾದರೆ ಕುಡಿಯಲು ಕೂರುವ ಜಾಗವನ್ನು ಹೆಂಡತಿ ಎದುರು ಹೇಳುವುದಿಲ್ಲ, ಅದನ್ನು ಹೊರಗೆ ಕರೆದು ಕೇಳಿ. ಆ ಜಾಗಗಳಲ್ಲಿ ರೋಗಿಯ ಹೆಸರು ಹೇಳದೆ, ಕಫ ಪರೀಕ್ಷೆ ಶಿಬಿರ ಇದೆ ಅಂತಷ್ಟೇ ಹೇಳಿ ಡಬ್ಬಿ ಕೊಟ್ಟು ಬನ್ನಿ.